ಪಟ್ಟಿಯ ಜಾಡು: ಕಾಸರಗೋಡಿನಲ್ಲಿ ಕುಳಿತು ಒಂದು ಪದದ ಮೂಲ ಹುಡುಕುವ ಕ್ರಮ

ಕುಂಬಳೆಯ ಜೀನಸು ಅಂಗಡಿಯಲ್ಲಿ ಕನ್ನಡದವರು ‘ಪಟ್ಟಿ’ ಕೊಟ್ಟರೆ ಅದು ಬೇಕಾದ ಸಾಮಾನುಗಳ ಯಾದಿ. ಅದೇ ಅಂಗಡಿಯ ಜಗಲಿಯಿಂದ ಮಲಯಾಳದವರು ‘ಪಟ್ಟಿ’ ಎಂದು ಕೂಗಿದರೆ ನಾಯಿ ಒಳಗೆ ನುಗ್ಗಿತೆಂದು ಅರ್ಥ. ಉಪ್ಪಳದ ಉರ್ದು ಮನೆಯಲ್ಲಿ ಅದು ಗಾಯಕ್ಕೆ ಸುತ್ತುವ ಬಟ್ಟೆ. ಧರ್ಮಪುರಿ ಕಡೆ ಹೋದರೆ ಪಾಪಿರೆಡ್ಡಿಪಟ್ಟಿಯಂತೆ ಊರ ಹೆಸರಿನ ಬಾಲ. ಸಾಂಗ್ಲಿ, ಸೊಲ್ಲಾಪುರದ ಮರಾಠಿಯಲ್ಲಿ ಘರಪಟ್ಟಿ, ಪಾಣೀಪಟ್ಟಿ ಅಂದರೆ ಮನೆ ತೆರಿಗೆ, ನೀರಿನ ತೆರಿಗೆ.

ಇದು ಒಂದೇ ಪದವೋ, ಬೇರೆ ಬೇರೆ ಪದಗಳು ಒಂದೇ ವೇಷ ಕಟ್ಟಿ ರಂಗಕ್ಕೆ ಬಂದದ್ದೋ? ಅದನ್ನು ಬಿಡಿಸಿ ನೋಡುವ ಕ್ರಮ ಇಲ್ಲಿದೆ. ಉದ್ದಕ್ಕೂ ಪಟ್ಟಿಯನ್ನೇ ಉದಾಹರಣೆಯಾಗಿ ಹಿಡಿದಿದ್ದೇವೆ. ಕ್ರಮ ಯಾವ ಪದಕ್ಕೂ ಸಲ್ಲುತ್ತದೆ. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಫೋನು, ನಾಲ್ಕೈದು ನಿಘಂಟು, ಒಂದು ವಾರದ ಸಂಜೆಗಳು.

ಯಾವ ಪದ ಆರಿಸಬೇಕು

ತೀರಾ ಗಿಡ್ಡ ಪದ ಬೇಡ. ಪದದಲ್ಲಿ ಧ್ವನಿಗಳು ಕಡಿಮೆಯಾದಷ್ಟೂ ಆಕಸ್ಮಿಕ ಹೋಲಿಕೆ ಹೆಚ್ಚು. ‘ಅರಿ’, ‘ಕರ’ ಇಂಥವನ್ನು ಹಿಡಿದರೆ ಜಗತ್ತಿನ ಯಾವ ಭಾಷೆಯಲ್ಲಾದರೂ ಒಂದು ನೆಂಟಸ್ತಿಕೆ ಸಿಕ್ಕಿಬಿಡುತ್ತದೆ. ಅಮ್ಮ, ಪಾಪ, ತಾತ ಮುಂತಾದ ಮಕ್ಕಳ ಬಾಯಿಯ ಪದಗಳೂ ಬೇಡ, ಅವು ಎಲ್ಲ ಕಡೆ ಒಂದೇ ಥರ ಹುಟ್ಟುತ್ತವೆ. ಧಡ್, ಚಟಪಟ ಮುಂತಾದ ಅನುಕರಣ ಪದಗಳೂ ಹಾಗೆಯೇ. ನಡುವೆ ಒತ್ತಕ್ಷರ ಇರುವ, ದಿನಬಳಕೆಯ, ಕನಿಷ್ಠ ಮೂರು ಭಾಷೆಗಳಲ್ಲಿ ಕೇಳಿಬರುವ ಪದ ಒಳ್ಳೆಯದು.

ಶುರುಮಾಡುವ ಮೊದಲು ಪ್ರಶ್ನೆ ಯಾವುದು ಎಂದು ಒಂದು ಸಾಲು ಬರೆದಿಡಿ. ‘ಒಂದೇ ಸದ್ದಿಗೆ ಎಷ್ಟು ಅರ್ಥ’ ಎಂಬುದು ಒಂದು ಕೆಲಸ. ‘ಒಂದು ಬೇರಿನಿಂದ ಎಷ್ಟು ಕವಲು’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹೊರಗಿನ ರೂಪ ಒಂದೇ ಇದ್ದು ಬೇರು ಬೇರೆಯಾಗಿರಬಹುದು; ಎರಡನೆಯದರಲ್ಲಿ ರೂಪ ಗುರುತೇ ಸಿಗದಷ್ಟು ಬದಲಾಗಿರಬಹುದು. ಎರಡನ್ನೂ ಒಂದೇ ಹಾಳೆಯಲ್ಲಿ ಕಲಸಿದವರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಕಿವಿಗೆ ಬಿದ್ದದ್ದನ್ನು ಸರಿಯಾಗಿ ಬರೆಯುವುದು

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವ ಅಭ್ಯಾಸ ಇದ್ದರೆ ಈ ಕೆಲಸದ ಮಟ್ಟಿಗೆ ಬಿಟ್ಟುಬಿಡಿ. ಪಟ್ಟಿ, ಹಿಂದಿಯ ಪತ್ತೀ (ಎಲೆ), ತಮಿಳಿನ ಪಾಟ್ಟಿ (ಅಜ್ಜಿ) ಮೂರೂ ಅಲ್ಲಿ ಒಂದೇ ಆಗಿ ಕೂರುತ್ತವೆ. ಫೋನಿನಲ್ಲಿ ಹಾಗೆ ಹುಡುಕಿದರೆ ಅಜ್ಜಿ, ಎಲೆ, ನಾಯಿ ಎಲ್ಲವೂ ಒಟ್ಟಿಗೆ ಬರುತ್ತವೆ.

ಕನ್ನಡ ಲಿಪಿ ಇದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಎರಡು ಅಕ್ಷರಗಳನ್ನು ಮಾತ್ರ ಅಟ್ಟದಿಂದ ಇಳಿಸಿಕೊಳ್ಳಬೇಕು. ಮಲಯಾಳ ಮತ್ತು ತಮಿಳಿನಲ್ಲಿ ನಾಲಗೆ ಹಿಂದಕ್ಕೆ ಮಡಚಿ, ಎಲ್ಲಿಯೂ ತಾಗಿಸದೆ ಹೇಳುವ ಧ್ವನಿಗೆ ೞ ಬರೆಯಿರಿ: ಮೞ (ಮಳೆ), ಕೋೞಿ (ಕೋಳಿ). ಗಡಸು ರಕಾರಕ್ಕೆ ಱ. ಎರಡೂ ಹಳಗನ್ನಡದಲ್ಲಿ ಇದ್ದವೇ. ಯೂನಿಕೋಡ್‌ನಲ್ಲೂ ಉಂಟು, ಆದರೆ ಫೋನಿನ ಎಲ್ಲ ಕೀಲಿಮಣೆಗಳಲ್ಲಿ ಸಿಗುವುದಿಲ್ಲ. ಒಮ್ಮೆ ಎಲ್ಲಿಂದಾದರೂ ನಕಲು ಮಾಡಿ ಫೋನಿನ ಶಾರ್ಟ್‌ಕಟ್‌ನಲ್ಲಿ ಉಳಿಸಿಕೊಂಡರೆ ಮುಗಿಯಿತು.

ಮಲಯಾಳದಲ್ಲಿ ಒತ್ತಿ ಬರುವ ಱ್ಱ ಕನ್ನಡದ ಕಿವಿಗೆ ಮೋಸ ಮಾಡುತ್ತದೆ. ಅದು ‘ಟ್ಟ’ ಅಲ್ಲ, ‘ತ್ತ’ವೂ ಅಲ್ಲ; ನಾಲಗೆಯ ತುದಿ ಎರಡರ ನಡುವೆ, ಮೇಲಿನ ಒಸಡಿಗೆ ತಾಗುತ್ತದೆ. ‘ಎನ್ನೆಪ್ಪಱ್ಱಿ’ (ನನ್ನ ಬಗ್ಗೆ) ಎಂಬಲ್ಲಿ ಬರುವ ‘ಪಱ್ಱಿ’ಯನ್ನು ನಮ್ಮವರು ‘ಪಟ್ಟಿ’ ಎಂದು ಕೇಳಿಸಿಕೊಂಡು, ನಾಯಿಯ ಸಾಲಿನಲ್ಲಿ ಬರೆದುಕೊಳ್ಳುವುದು ಸಾಮಾನ್ಯ. ಸಂಶಯ ಬಂದರೆ ಮಲಯಾಳ ಓದುಬರಹ ಬಲ್ಲವರಲ್ಲಿ ಬರೆದು ತೋರಿಸಲು ಹೇಳಿ. ಲಿಪಿಯಲ್ಲಿ ಎರಡೂ ಸ್ಪಷ್ಟ ಬೇರೆ ಬೇರೆ.

ತುಳುವಿನಲ್ಲಿ ಪದಾಂತ್ಯ ನೋಡಬೇಕು. ‘ಪತ್ತ್’ ಎಂದು ಕೊನೆಗೆ ಅರ್ಧ ಉಕಾರ ಕೇಳಿದರೆ ಪೂರ್ಣ ‘ಪತ್ತು’ ಬರೆಯಬೇಡಿ. ತುಳುವಿನ ಎರಡು ಎಕಾರಗಳೂ ಬೇರೆ: ‘ಯಾನ್ ಮಲ್ಪುವೆ’, ‘ಆಯೆ ಮಲ್ಪುವೆ’ ಬರಹದಲ್ಲಿ ಒಂದೇ ಕಂಡರೂ ‘ನಾನು’ ಬಂದಲ್ಲಿ ಕೊನೆಯ ಎಕಾರ ಬಾಯಿ ತೆರೆದದ್ದು. ಅದರ ಮೇಲೊಂದು ಗೆರೆ ಹಾಕಿಕೊಳ್ಳಿ, ಸಾಕು.

ಜನರನ್ನು ಕೇಳುವುದು

ಕಾಸರಗೋಡಿನ ಅನುಕೂಲವೇ ಅದರ ತೊಂದರೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವೂ ಒಂದೇ ಬಸ್ಸಿನಲ್ಲಿ ಸಿಗುತ್ತವೆ, ಆದರೆ ಬಸ್ಸಿನಲ್ಲಿರುವ ಪ್ರತಿಯೊಬ್ಬರಿಗೂ ಮೂರು ಭಾಷೆ ಗೊತ್ತು. ಬದಿಯಡ್ಕದ ತುಳುವರಿಗೆ ಕನ್ನಡದಲ್ಲಿ ‘ಪಟ್ಟಿ ಅಂದರೆ ಏನು?’ ಎಂದು ಕೇಳಿದರೆ, ಕೇಳಿದವರ ಭಾಷೆಗೆ ತಕ್ಕಂತೆ ಕನ್ನಡದ ಅರ್ಥವನ್ನೇ ಹೇಳುತ್ತಾರೆ. ಅದು ಮರ್ಯಾದೆ; ನಿಮ್ಮ ನೋಟ್‌ಬುಕ್ಕಿಗೆ ಮಾತ್ರ ಅದು ವಿಷ.

ಆದ್ದರಿಂದ ಅವರವರ ಮನೆಮಾತಿನಲ್ಲೇ ಕೇಳಿ, ಬಾರದಿದ್ದರೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ. ಹಿರಿಯರಲ್ಲಿ ತುಳು ಮಾತಾಡುವಾಗ ‘ಈ’ ಬೇಡ, ‘ಈರ್’ ಅನ್ನಿ, ಮಲಯಾಳದಲ್ಲಿ ‘ನಿಙ್ಙಳ್’. ಅರ್ಥ ಕೇಳಬೇಡಿ, ವಾಕ್ಯ ಕೇಳಿ: ‘ಈ ಶಬ್ದ ಇಟ್ಟು ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತೀರಿ?’ ಅರ್ಥ ಹೇಳುವಾಗ ಮನುಷ್ಯ ಶಾಲೆಯನ್ನು ನೆನಪಿಸಿಕೊಳ್ಳುತ್ತಾನೆ, ವಾಕ್ಯ ಹೇಳುವಾಗ ಅಡುಗೆಮನೆಯನ್ನು.

ಬಳಿಕ ತಿರುಗಿಸಿ ಕೇಳಿ. ಸಾಮಾನಿನ ಚೀಟಿ, ಬ್ಯಾಂಡೇಜು, ದನದ ಕೊಟ್ಟಿಗೆಯ ಚಿತ್ರ, ನಾಯಿಯ ಚಿತ್ರ, ಹಂಚಿನ ಮಾಡಿನ ರೀಪು ತೋರಿಸಿ ‘ಇದಕ್ಕೆ ಏನು ಹೇಳುತ್ತೀರಿ?’ ಎನ್ನಿ. ಎರಡೂ ದಿಕ್ಕಿನಿಂದ ಒಂದೇ ಉತ್ತರ ಬಂದರೆ ಮಾತ್ರ ಆ ಅರ್ಥ ಗಟ್ಟಿ. ಒಂದೊಂದು ಭಾಷೆಗೆ ಮೂವರಾದರೂ ಬೇಕು, ಒಬ್ಬರು ಅರುವತ್ತು ದಾಟಿದವರು, ಒಬ್ಬರು ಶಾಲೆಗೆ ಹೋಗುವ ಪ್ರಾಯದವರು. ಏಳು ಭಾಷೆಗೆ 21 ವಾಕ್ಯ. ಹೆಸರು ಬರೆದುಕೊಳ್ಳುವ ಅಗತ್ಯ ಇಲ್ಲ. ಊರು, ಪ್ರಾಯ, ಮನೆಮಾತು ಇಷ್ಟು ಸಾಕು. ಮಂಜೇಶ್ವರದ ಮಲಯಾಳ ಬೇರೆ, ಕಾಞಂಗಾಡಿನದು ಬೇರೆ, ಹಾಗಾಗಿ ಊರು ಬಿಡುವಂತಿಲ್ಲ.

ಒಂದು ಎಚ್ಚರಿಕೆ. ಮಲಯಾಳದಲ್ಲಿ ‘ಪಟ್ಟಿ’ ಬೈಗುಳವೂ ಹೌದು. ಗುರುತಿಲ್ಲದವರ ಮುಖ ನೋಡಿ ಒಮ್ಮೆಲೇ ಆ ಒಂದು ಶಬ್ದ ಉದುರಿಸಬೇಡಿ. ‘ಪಟ್ಟಿ ಎನ್ನ ವಾಕ್ಕ್’ (ಪಟ್ಟಿ ಎಂಬ ಪದ) ಎಂದು ಪೀಠಿಕೆ ಹಾಕಿ. ಬ್ಯಾರಿಯ ಸಾಲನ್ನು ಮಲಯಾಳ ನೋಡಿ, ಕೊಂಕಣಿಯದನ್ನು ಮರಾಠಿ ನೋಡಿ ಊಹಿಸಿ ತುಂಬಿಸಬೇಡಿ. ಖಾಲಿ ಬಿಟ್ಟ ಸಾಲು ತಪ್ಪಲ್ಲ.

ಮನೆಯ ಹಳೆಯ ಕಾಗದಗಳನ್ನೂ ಕೆದಕಿ. ಕಾಸರಗೋಡು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಜ್ಜನ ಕಾಲದ ಕನ್ನಡ ಕಾಗದ, ಮೊಮ್ಮಗನ ಕಾಲದ ಮಲಯಾಳ ಕಾಗದ ಒಂದೇ ಟ್ರಂಕಿನಲ್ಲಿ ಸಿಗುವ ಮನೆಗಳು ಇಲ್ಲಿ ಉಂಟು. ಒಂದರಲ್ಲಿ ‘ಪಟ್ಟಾ’, ಇನ್ನೊಂದರಲ್ಲಿ ‘ಪಟ್ಟಯಂ’. ಎರಡೂ ಭೂಮಿಯ ಹಕ್ಕುಪತ್ರವೇ.

ಹೊಳೆಯೂ ಪುೞಯೂ: ಧ್ವನಿಯ ಪರೀಕ್ಷೆ

ಚಂದ್ರಗಿರಿಯ ಈಚೆ ಹೊಳೆ, ಆಚೆ ಪುೞ. ಕಿವಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಎರಡೂ ಒಂದೇ ಪದ. ಕನ್ನಡದ ಪಟ್ಟಿ ಮತ್ತು ಮಲಯಾಳದ ಪಟ್ಟಿ ಅಕ್ಷರಕ್ಕೆ ಅಕ್ಷರ ಒಂದೇ, ಆದರೆ ಪದ ಒಂದಲ್ಲ. ಇದನ್ನು ತೀರ್ಮಾನಿಸುವುದು ಅರ್ಥ ಅಲ್ಲ, ಧ್ವನಿ. ಭಾಷೆಗಳು ಬೇರೆಯಾದಾಗ ಧ್ವನಿಗಳು ಮನಸ್ಸಿಗೆ ಬಂದಂತೆ ಬದಲಾಗುವುದಿಲ್ಲ, ಸಾಲುಸಾಲಾಗಿ ಒಂದೇ ರೀತಿ ಬದಲಾಗುತ್ತವೆ. ಆ ಸಾಲುಗಳನ್ನು ಕಾಸರಗೋಡಿನ ಮಕ್ಕಳೂ ಬಲ್ಲ ಪದಗಳಿಂದಲೇ ಕಟ್ಟಿಕೊಳ್ಳಬಹುದು.

ಕನ್ನಡದ ಮೊದಲ ಹಕಾರದ ಹಿಂದೆ ಹೆಚ್ಚಾಗಿ ಪಕಾರ ಅಡಗಿದೆ. ಹತ್ತು, ಹುಲಿ, ಹೂ ನಮ್ಮಲ್ಲಿ. ಪತ್ತ್, ಪಿಲಿ, ಪೂ ತುಳುವಿನಲ್ಲಿ. ಪತ್ತ್, ಪುಲಿ, ಪೂವ್ ಮಲಯಾಳದಲ್ಲಿ. ಹಳಗನ್ನಡದಲ್ಲಿ ನಮಗೂ ಪಕಾರವೇ ಇತ್ತು. 10ನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ಹಕಾರ ಇಣುಕತೊಡಗಿ, ನಾಲ್ಕು ಶತಮಾನ ಕಳೆಯುವಷ್ಟರಲ್ಲಿ ಮನೆ ತುಂಬಿತು.

ತಮಿಳು–ಮಲಯಾಳದ ಮೊದಲ ವಕಾರ ಕನ್ನಡ, ತುಳುವಿನಲ್ಲಿ ಬಕಾರ: ವಾೞ, ಬಾಳೆ, ಬಾರೆ. ಇದೇ ಸಾಲಿನಲ್ಲಿ ೞಕಾರದ ಗತಿಯೂ ಕಾಣುತ್ತದೆ. ಕನ್ನಡದಲ್ಲಿ ಅದು ಳ ಆಯಿತು, ತುಳುವಿನಲ್ಲಿ ಬಹಳ ಕಡೆ ರ. ಕೋೞಿ, ಕೋಳಿ, ಕೋರಿ. ಪುೞು, ಹುಳು, ಪುರಿ. ಕೊನೆಯ ಸ್ವರವನ್ನೂ ನೋಡಿ. ಮಲಯಾಳದಲ್ಲಿ ಅಕಾರ ಇದ್ದಲ್ಲಿ ಕನ್ನಡದಲ್ಲಿ ಎಕಾರ: ತಲ–ತಲೆ, ಇಲ–ಎಲೆ, ಮಲ–ಮಲೆ. (ಮಲಯಾಳದ ‘ಮಲ’ ಬೆಟ್ಟ, ಸಂಸ್ಕೃತದಿಂದ ಬಂದ ಕನ್ನಡದ ‘ಮಲ’ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ.) ಕೊನೆಯಲ್ಲಿ ಆ ಸ್ವರ ಬಂದಾಗ ಮೊದಲಿನ ಎ, ಒ ಮಲಯಾಳದಲ್ಲಿ ಇ, ಉ ಆಗಿರುತ್ತವೆ: ಎಲೆ–ಇಲ, ಹೊಗೆ–ಪುಕ.

ಈಗ ಹೊಳೆಯನ್ನು ತೆಗೆದುಕೊಳ್ಳಿ. ಹ ಹಿಂದೆ ಪ. ಒ ಇದ್ದಲ್ಲಿ ಉ. ಳ ಇದ್ದಲ್ಲಿ ೞ. ಎ ಇದ್ದಲ್ಲಿ ಅ. ನಾಲ್ಕೂ ಕೀಲಿ ತಿರುಗಿದವು, ಪುೞ ತೆರೆಯಿತು. ಇಂಥ ಹೊಂದಾಣಿಕೆ ಆಕಸ್ಮಿಕ ಆಗಲಾರದು.

ಇನ್ನು ಎರಡು ಸಾಲು ಬೇಕಾಗುತ್ತವೆ. ಇ, ಎ ಮುಂದೆ ಬಂದಾಗ ಕನ್ನಡದ ಕಕಾರ ತಮಿಳು–ಮಲಯಾಳದಲ್ಲಿ ಚಕಾರ: ಕಿವಿ–ಚೆವಿ, ಕೆರೆ–ಚಿಱ, ಕೇರಿ–ಚೇರಿ. ಆದರೆ ಅದರ ಬೆನ್ನಿಗೇ ಟ, ಡ, ಳ ಮುಂತಾದ ಮೂರ್ಧನ್ಯ ಅಕ್ಷರ ಇದ್ದರೆ ಬದಲಾವಣೆ ನಿಲ್ಲುತ್ತದೆ. ಆದ್ದರಿಂದಲೇ ಗಿಳಿ ಮಲಯಾಳದಲ್ಲಿ ಕಿಳಿ, ‘ಚಿಳಿ’ ಅಲ್ಲ. ಎರಡನೆಯದು ಆ ಮೋಸಗಾರ ಱ್ಱ. ಅದು ಕನ್ನಡದಲ್ಲಿ ತ್ತ ಆಗುತ್ತದೆ: ಪುಱ್ಱ್–ಹುತ್ತ. ಹಾಗಾದರೆ ಮೇಲೆ ಹೇಳಿದ ‘ಪಱ್ಱಿ’ಯ ನೆಂಟ ಕನ್ನಡದಲ್ಲಿ ಯಾರು? ಪಱ್ಱ್ ಅಂದರೆ ಅಂಟು, ತಾಗು. ಕೀಲಿ ತಿರುಗಿಸಿದರೆ ಬರುವುದು ‘ಹತ್ತು’: ಬೆಂಕಿ ಹತ್ತು, ಬೆನ್ನು ಹತ್ತು ಎಂಬಲ್ಲಿಯ ಹತ್ತು. ‘ಪಟ್ಟಿ’ಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆ ಸಾಲನ್ನು ಹಾಳೆಯಿಂದ ಹೊಡೆದುಹಾಕಿ.

ಪಟ್ಟಿಯ ಮೇಲೆ ಮೊದಲನೆಯ ಕೀಲಿ ಹಾಕಿ ನೋಡಿ. ಕನ್ನಡದಲ್ಲಿ ಬಹಳ ಹಿಂದಿನಿಂದ ಇದ್ದ ‘ಪಟ್ಟಿ’ ಈಗ ‘ಹಟ್ಟಿ’ ಆಗಿರಬೇಕಲ್ಲ? ಉಂಟು. ಕರಾವಳಿಯಲ್ಲಿ ಹಟ್ಟಿ ಅಂದರೆ ದನದ ಕೊಟ್ಟಿಗೆ, ಹಟ್ಟಿಗೊಬ್ಬರ ದಿನಬಳಕೆಯ ಮಾತು. ಘಟ್ಟದ ಮೇಲೆ ಅದು ಸಣ್ಣ ಊರು: ಗೊಲ್ಲರಹಟ್ಟಿ, ರಾಯಚೂರು ಜಿಲ್ಲೆಯ ಚಿನ್ನದ ಗಣಿಯ ಹಟ್ಟಿ. ನೀಲಗಿರಿಯ ಬಡಗರ ಊರೂ ಹಟ್ಟಿಯೇ. ತಮಿಳಿನಲ್ಲಿ ಪಟ್ಟಿ ಅಂದರೆ ದನ ಕುರಿ ಕೂಡುವ ದೊಡ್ಡಿ, ಹಳ್ಳಿ ಎರಡೂ. ‘ಪಟ್ಟಿ ತೊಟ್ಟಿ’ ಎಂದರೆ ಮೂಲೆಮೂಲೆಯ ಹಳ್ಳಿಗಳೆಲ್ಲ. ಅಂದರೆ ಧರ್ಮಪುರಿಯ ಪಟ್ಟಿಗೆ ಕನ್ನಡದ ನೆಂಟ ನಮ್ಮ ಅಂಗಡಿಯ ಪಟ್ಟಿ ಅಲ್ಲ, ಮನೆಹಿತ್ತಿಲಿನ ಹಟ್ಟಿ. ಹೊಸೂರು ಕಡೆಯ ಕನ್ನಡದವರು ದಿನಾ ದಾಟುವ ಪಟ್ಟಿಗಳೆಲ್ಲ ಮೂಲದಲ್ಲಿ ದನ ಕಟ್ಟಿದ, ಜನ ನಿಂತ ಜಾಗಗಳು.

ಹಾಗಿದ್ದರೆ ಯಾದಿ, ಬ್ಯಾಂಡೇಜು ಎಂಬ ಅರ್ಥದ ಪಟ್ಟಿ ಯಾಕೆ ‘ಹಟ್ಟಿ’ ಆಗಲಿಲ್ಲ? ಬದಲಾವಣೆ ಮುಗಿದ ಮೇಲೆ ಬಂದದ್ದಾಗಿರಬೇಕು, ಇಲ್ಲವೇ ಸಂಸ್ಕೃತದ ‘ಪಟ್ಟ’ ಬೆನ್ನಿಗೆ ನಿಂತು ಪಕಾರವನ್ನು ಕಾಯ್ದಿರಬೇಕು. ಪತ್ರ, ಪುಸ್ತಕ ಉಳಿದದ್ದು ಹಾಗೆಯೇ.

ಇಲ್ಲಿ ಒಂದು ತಪ್ಪನ್ನು ಬಹಳ ಮಂದಿ ಮಾಡುತ್ತಾರೆ: ‘ಹಕಾರ ಇದ್ದರೆ ಅಚ್ಚ ಕನ್ನಡ, ಪಕಾರ ಇದ್ದರೆ ಎರವಲು’ ಎಂದು ಬರೆದುಬಿಡುವುದು. ಹಬ್ಬ ಬಂದದ್ದು ಸಂಸ್ಕೃತದ ಪರ್ವದಿಂದ (ತುಳುವಿನಲ್ಲಿ ಇಂದಿಗೂ ಪರ್ಬ), ಹಕ್ಕಿ ಬಂದದ್ದು ಪಕ್ಷಿಯಿಂದ. ಹಕಾರ ಹೇಳುವುದು ಇಷ್ಟೇ: ಬದಲಾವಣೆ ನಡೆಯುವಾಗ ಈ ಪದ ಕನ್ನಡದ ಮನೆಯೊಳಗೆ ಇತ್ತು. ಎಲ್ಲಿ ಹುಟ್ಟಿತೆಂದು ಅದು ಹೇಳುವುದಿಲ್ಲ. ತದ್ವಿರುದ್ಧ ಉದಾಹರಣೆಯೂ ಉಂಟು. ಹಳಗನ್ನಡದ ‘ಪಡೆ’ ಒಡೆದು ಎರಡಾಯಿತು. ಮಗುವಿನ ವಿಷಯಕ್ಕೆ ‘ಹಡೆ’, ಉಳಿದದ್ದಕ್ಕೆಲ್ಲ ಬರಹದ ಭಾಷೆಯಲ್ಲಿ ‘ಪಡೆ’ಯೇ ನಿಂತಿತು. ಹಟ್ಟಿಯನ್ನು ದ್ರಾವಿಡ ಎನ್ನಲು ಆಧಾರ ಬರೀ ಹಕಾರವಲ್ಲ. ತಮಿಳು, ಕನ್ನಡ, ಬಡಗಗಳಲ್ಲಿ ಅದೇ ಅರ್ಥದಲ್ಲಿ, ಸರಿಯಾದ ಧ್ವನಿಯಲ್ಲಿ ಹರಡಿ ಕುಳಿತಿರುವುದು.

ನಿಘಂಟು ತೆರೆಯುವಾಗ

ಈ ಮೂಲೆಯವರ ಅದೃಷ್ಟಕ್ಕೆ ಮೂರು ದೊಡ್ಡ ಹಳೆಯ ನಿಘಂಟುಗಳು ಅಚ್ಚಾದದ್ದು ಮಂಗಳೂರಿನಲ್ಲಿ: ಗುಂಡರ್ಟರ ಮಲಯಾಳ 1872ರಲ್ಲಿ, ಮೆನ್ನರ್ ಅವರ ತುಳು 1886ರಲ್ಲಿ, ಕಿಟ್ಟೆಲರ ಕನ್ನಡ 1894ರಲ್ಲಿ. ಮೂರೂ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥ ಇಂಗ್ಲಿಷಿನಲ್ಲಿದ್ದರೂ ಪಕ್ಕದ ಭಾಷೆಗಳ ಹೋಲಿಕೆ ಇರುವುದು ನಮಗೆ ಬೇಕಾದದ್ದು. ಸಂಕ್ಷೇಪಗಳನ್ನು ಮೊದಲು ಓದಿಕೊಳ್ಳಿ. ಗುಂಡರ್ಟರಲ್ಲಿ ಕನ್ನಡಕ್ಕೆ ಗುರುತು ‘ಸಿ’, ಆ ಕಾಲದಲ್ಲಿ ಕನ್ನಡ ‘ಕ್ಯಾನರೀಸ್’ ಆಗಿತ್ತು. ಕಿಟ್ಟೆಲರಲ್ಲಿ ತದ್ಭವಕ್ಕೆ ಬೇರೆಯೇ ಗುರುತುಂಟು. ಒಂದೇ ರೂಪದ ಬೇರೆ ಬೇರೆ ಪದಗಳಿಗೆ 1, 2, 3 ಎಂದು ಅಂಕೆಗಳಿವೆ. ಆ ಅಂಕೆಗಳೇ ನಿಮ್ಮ ಕೆಲಸದ ಅರ್ಧ, ಬಿಟ್ಟು ಓದಬೇಡಿ.

ಪದವನ್ನು ಎರಡು ಕಡೆ ಹುಡುಕಿ: ಪ ಅಡಿಯಲ್ಲಿ ಒಮ್ಮೆ, ಹ ಅಡಿಯಲ್ಲಿ ಒಮ್ಮೆ. ಬಕಾರದ ಪದವಾದರೆ ತಮಿಳು, ಮಲಯಾಳದ ನಿಘಂಟಿನಲ್ಲಿ ವ ಅಡಿಯಲ್ಲಿ. ತಮಿಳಿನಲ್ಲಿ ನಡುವಿನ ಒಂಟಿ ಟಕಾರ ಉಚ್ಚಾರದಲ್ಲಿ ಡ ಆದ್ದರಿಂದ ಕನ್ನಡದ ‘ಕುಡಿ’ಯನ್ನು ಅಲ್ಲಿ ‘ಕುಟಿ’ ಎಂದು ಹುಡುಕಬೇಕಾಗುತ್ತದೆ.

ದ್ರಾವಿಡ ಭಾಷೆಗಳನ್ನೆಲ್ಲ ಒಟ್ಟಿಗೆ ನೋಡಲು ಬರೋ ಮತ್ತು ಎಮೆನೋ ಅವರ ನಿರುಕ್ತ (ಪದಗಳ ಮೂಲ ಹೇಳುವ) ನಿಘಂಟಿನ 1984ರ ಎರಡನೆಯ ಆವೃತ್ತಿ ಬೇಕು. ಅದರಲ್ಲಿ ಪದಗಳು ಗುಂಪುಗುಂಪಾಗಿ ಅಂಕೆ ಹಾಕಿ ಇವೆ, ಪ್ರತಿ ಗುಂಪಿನಲ್ಲೂ ಭಾಷೆಗಳ ಅನುಕ್ರಮ ಒಂದೇ: ತಮಿಳು, ಮಲಯಾಳದಿಂದ ಶುರುವಾಗಿ ಕನ್ನಡ, ಕೊಡವ, ತುಳು, ತೆಲುಗು ದಾಟಿ ಬಲೂಚಿಸ್ತಾನದ ಬ್ರಾಹುಯಿಯ ತನಕ. ಗುಂಪು ಶುರುವಾಗುವುದು ತಮಿಳು ರೂಪದಿಂದ, ಹಾಗಾಗಿ ಕನ್ನಡದ ರೂಪ ಹಿಡಿದು ನೇರ ಹೋದರೆ ಸಿಗದು. ಹಿಂದಿನ ಕನ್ನಡ ಸೂಚಿ ನೋಡಿ ಅಂಕೆ ಹಿಡಿಯಬೇಕು. ಹಿಂದಿ, ಮರಾಠಿ, ಕೊಂಕಣಿಯ ಬದಿಗೆ ಟರ್ನರ್ ಅವರ 1966ರ ನಿಘಂಟು, ಮರಾಠಿಯ ಹಳೆಯ ಬಳಕೆಗೆ ಮೋಲ್ಸ್‌ವರ್ತ್. ತುಳುವಿಗೆ ಮೆನ್ನರ್ ಸಾಲದಾದಾಗ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟಿನ ಆರು ಸಂಪುಟಗಳಿವೆ.

ನಿಘಂಟಿನಲ್ಲಿ ಇಲ್ಲದ ಅರ್ಥ ಜನರ ಬಾಯಲ್ಲಿ ಇದ್ದರೆ ಜನರೇ ಸರಿ. ನಿಘಂಟಿನಲ್ಲಿ ಇದ್ದು ಯಾರ ಬಾಯಲ್ಲೂ ಇಲ್ಲದಿದ್ದರೆ ‘1894ರಲ್ಲಿ ಇತ್ತು’ ಎಂದಷ್ಟೇ ಬರೆಯಿರಿ.

ಅರ್ಥದ ಸರಪಳಿ

ಧ್ವನಿಯ ಪರೀಕ್ಷೆ ಮುಗಿದ ಮೇಲೆಯೇ ಅರ್ಥಕ್ಕೆ ಕೈ ಹಾಕಿ. ಅರ್ಥವನ್ನು ಮೊದಲು ಹಿಡಿದವರು ಯಾವುದನ್ನು ಯಾವುದಕ್ಕೂ ಕಟ್ಟಿಬಿಡುತ್ತಾರೆ.

ಸಂಸ್ಕೃತದ ಪಟ್ಟ ಅಂದರೆ ಹಲಗೆ, ತಗಡು, ಬಟ್ಟೆಯ ತುಂಡು. ಅದರ ಕಿರಿದಾದ ರೂಪ ಪಟ್ಟಿಕಾ. ಉದ್ದಕ್ಕೆ ಕತ್ತರಿಸಿದ ಬಟ್ಟೆ ಗಾಯಕ್ಕೆ ಸುತ್ತಿದರೆ ಬ್ಯಾಂಡೇಜು. ಕಾಲಿಗೆ ಸುತ್ತಿದರೆ ಸೈನಿಕರ ಕಾಲುಪಟ್ಟಿ. ಇಂಗ್ಲಿಷ್‌ನವರು ಅದನ್ನು ಹಿಂದಿಯಿಂದ ‘ಪಟೀ’ ಎಂದು ಕೊಂಡುಹೋದರು. ಮರದಿಂದ ಮಾಡಿದರೆ ಅಡಿಪಟ್ಟಿ. ಮಲಯಾಳದ ಆಶಾರಿಗಳು (ಬಡಗಿಗಳು) ಹಂಚು ಕೂರಿಸುವ ರೀಪನ್ನು ಪಟ್ಟಿಕ ಎನ್ನುತ್ತಾರೆ. ಉದ್ದನೆಯ ಚೀಟಿಯಲ್ಲಿ ಒಂದರ ಕೆಳಗೊಂದು ಬರೆದರೆ ಯಾದಿ. ಮಲಯಾಳದಲ್ಲಿ ಯಾದಿಗೂ ಪಟ್ಟಿಕವೇ, ಚುನಾವಣೆಗೆ ‘ವೋಟರ್ ಪಟ್ಟಿಕ’, ತಮಿಳಿನಲ್ಲಿ ಪಟ್ಟಿಯಲ್. ಮನೆಮನೆಯ ಬಾಕಿಯ ಯಾದಿಯಿಂದ ಮರಾಠಿಯ ತೆರಿಗೆಗೆ ಹೆಜ್ಜೆ ದೂರವಿಲ್ಲ. ತಾಮ್ರದ ತಗಡಿನಲ್ಲಿ ದಾನ ಬರೆಸಿದಲ್ಲಿಂದ ಪಟ್ಟಾ, ಪಟ್ಟಯಂ. ಹಣೆಗೆ ಕಟ್ಟಿದ ಚಿನ್ನದ ಪಟ್ಟಿಯಿಂದ ಪಟ್ಟಾಭಿಷೇಕ.

ಇಲ್ಲಿ ಪ್ರತಿ ಕೊಂಡಿಗೂ ಒಂದು ಭಾಷೆಯಲ್ಲಾದರೂ ಸಾಕ್ಷಿ ಇದೆ. ಇದೇ ಅಳತೆಗೋಲು: ನಡುವಿನ ಕೊಂಡಿಗೆ ಸಾಕ್ಷಿ ಇಲ್ಲದಿದ್ದರೆ ಸರಪಳಿ ಅಲ್ಲಿಗೆ ಮುಗಿಯಿತು.

ಮಲಯಾಳದ ನಾಯಿಯಲ್ಲಿ ಜಾರಿ ಬೀಳುವುದು ಈ ಅಳತೆಗೋಲು ಮರೆತಾಗ. ‘ತಮಿಳಿನಲ್ಲಿ ಪಟ್ಟಿ ಅಂದರೆ ದೊಡ್ಡಿ, ದೊಡ್ಡಿ ಕಾಯುವುದು ನಾಯಿ, ಆದ್ದರಿಂದ ನಾಯಿ ಪಟ್ಟಿಯಾಯಿತು’ — ಕೇಳಲು ಎಷ್ಟು ಚಂದ! ಆದರೆ ‘ದೊಡ್ಡಿಯ ನಾಯಿ’ ಎಂಬ ನಡುವಿನ ಬಳಕೆ ಕೈಗೆ ಸಿಗುವವರೆಗೆ ಅದು ಕಥೆ. ಹಾಳೆಯಲ್ಲಿ ಬರೆಯಬೇಕಾದದ್ದು ಇಷ್ಟು: ಮಲಯಾಳದಲ್ಲಿ ಕನ್ನಡದ ನಾಯಿಗೆ ಸರಿಯಾಗಿ ‘ನಾಯ’ ಉಂಟು, ಪಟ್ಟಿ ಅದರ ಜೊತೆಗೆ ನಿಂತ ಇನ್ನೊಂದು ಪದ, ಯಾದಿಯ ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ತೆಲುಗಿನ ಸಾಲಿನಲ್ಲಿ ಬೇರೆ ಬಗೆಯ ಬಲೆ. ಅಲ್ಲಿ ‘ಪಟ್ಟು’ ಅಂದರೆ ಹಿಡಿ, ‘ಪಟ್ಟಿ’ ಅಂದರೆ ಹಿಡಿದು. ಇದು ನಿಘಂಟಿನ ಪದವಲ್ಲ, ವ್ಯಾಕರಣ ಹುಟ್ಟಿಸಿದ ರೂಪ. ಕನ್ನಡದಲ್ಲೂ ‘ಕಷ್ಟಪಟ್ಟು’ ಎಂಬಲ್ಲಿಯ ಪಟ್ಟು ಪಡು ಧಾತುವಿನದು, ಕುಸ್ತಿಯ ಪಟ್ಟು ಅಲ್ಲ. ಸಿಕ್ಕಿದ ರೂಪಕ್ಕೆ ಪ್ರತ್ಯಯ ಅಂಟಿದೆಯೇ ಎಂದು ನೋಡಿ, ಬಿಡಿಸಿ, ಧಾತುವನ್ನು ಮಾತ್ರ ಹೋಲಿಸಿ.

ಸಂಸ್ಕೃತ ಪದ ಬಂದರೆ ಕ್ರಮ ಬೇರೆ

ಅವಕಾಶ, ಅವಸರ, ಸಂಸಾರ ಇಂಥ ಪದಗಳಿಗೆ ಧ್ವನಿಯ ಕೀಲಿ ಕೆಲಸಕ್ಕೆ ಬಾರದು. ಎಲ್ಲ ಭಾಷೆಯಲ್ಲೂ ಅದೇ ರೂಪದಲ್ಲಿ ಕುಳಿತಿವೆ. ಮೂಲವೂ ಗೊತ್ತಿದ್ದದ್ದೇ. ಇಲ್ಲಿ ಕೆಲಸ ಇರುವುದು ಅರ್ಥದ ಬದಿಯಲ್ಲಿ ಮಾತ್ರ, ಕಾಸರಗೋಡಿನವರಿಗೆ ನೇರ ಉಪಯೋಗ ಬೀಳುವುದೂ ಇಲ್ಲೇ. ಆಫೀಸಿನ ಮಲಯಾಳ ಕಾಗದದಲ್ಲಿ ‘ಅವಕಾಶಂ’ ಕಂಡರೆ ಅದು ಹಕ್ಕು. ನಮ್ಮ ಮಾಹಿತಿ ಹಕ್ಕು ಅಲ್ಲಿ ವಿವರಾವಕಾಶ, ‘ಅವಕಾಶಿ’ ಅಂದರೆ ಹಕ್ಕುದಾರ, ವಾರಸುದಾರ. ‘ಇದರಲ್ಲಿ ನಿಮಗೆ ಅವಕಾಶ ಇಲ್ಲ’ ಎಂಬ ಸಾಲನ್ನು ‘ಈ ಸಲ ಸಿಗಲಿಲ್ಲ, ಮುಂದೆ ನೋಡುವಾ’ ಎಂದು ಓದಿಕೊಂಡರೆ ಆಸ್ತಿಯೇ ಹೋದೀತು. ‘ಅಪೇಕ್ಷ’ ಅಂದರೆ ಆಸೆ ಅಲ್ಲ, ಅರ್ಜಿ. ‘ಉಪನ್ಯಾಸಂ’ ಭಾಷಣ ಅಲ್ಲ, ಪ್ರಬಂಧ. ಹಿಂದಿಗೆ ಹೋದರೆ ಅದೇ ಕಾದಂಬರಿ.

ಇಂಥ ಪದವನ್ನು ಒಂಟಿಯಾಗಿ ನೋಡಬೇಡಿ, ಖಾಲಿಯಾದ ಜಾಗಕ್ಕೆ ಯಾರು ಬಂದರೆಂದು ನೋಡಿ. ಮಲಯಾಳದಲ್ಲಿ ಅವಕಾಶ ಹಕ್ಕಾದ ಮೇಲೆ ಕನ್ನಡದ ‘ಅವಕಾಶ’ದ ಕೆಲಸಕ್ಕೆ ಅಲ್ಲಿ ಇರುವುದು ‘ಅವಸರಂ’. ಕನ್ನಡ, ತಮಿಳಿನಲ್ಲಿ ಅವಸರ ಅಂದರೆ ಗಡಿಬಿಡಿ. ಅನಂತಪುರದ ಕಡೆಯ ತೆಲುಗಿನಲ್ಲಿ ಅಗತ್ಯ. ಹಿಂದಿಯಲ್ಲಿ ಅವಸರ ಸಂದರ್ಭ, ಅವಕಾಶ ರಜೆ. ಸಂಸ್ಕೃತದಲ್ಲಿ ಅವಕಾಶ ತೆರವಿನ ಜಾಗ, ಅವಸರ ತಕ್ಕ ಸಮಯ. ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ಆರು ಭಾಷೆಗಳ ಕೋಷ್ಟಕ ಹಾಕಿದರೆ ಯಾವುದು ಯಾವುದನ್ನು ತಳ್ಳಿತೆಂದು ಒಂದು ನೋಟಕ್ಕೆ ಕಾಣುತ್ತದೆ. ಸಂಸಾರಕ್ಕೂ ಹೀಗೆಯೇ ಮಾಡಿ ನೋಡಿ: ಕನ್ನಡದಲ್ಲಿ ಹೆಂಡತಿ ಮಕ್ಕಳು, ಮಲಯಾಳದಲ್ಲಿ ಮಾತುಕತೆ.

ಕೊನೆಯ ಹಾಳೆ

ಒಂದು ಪದಕ್ಕೆ ಒಂದೇ ಹಾಳೆ, ಅರ್ಥಕ್ಕೆ ಒಂದರಂತೆ ಅಲ್ಲ, ಬೇರಿಗೆ ಒಂದರಂತೆ ಭಾಗ. ಪಟ್ಟಿಯ ಹಾಳೆ ಹೀಗೆ ನಿಲ್ಲುತ್ತದೆ:

ಪಟ್ಟಿ 1. ದೊಡ್ಡಿ, ಹಳ್ಳಿ. ತಮಿಳು ಪಟ್ಟಿ, ಕನ್ನಡ, ಬಡಗ ಹಟ್ಟಿ. ದ್ರಾವಿಡ. ಆಧಾರ: ಪ–ಹ ಹೊಂದಾಣಿಕೆ, ಹರವು, ಅರ್ಥ ಮೂರೂ.

ಪಟ್ಟಿ 2. ಉದ್ದ ತುಂಡು, ಬ್ಯಾಂಡೇಜು, ಯಾದಿ, ತೆರಿಗೆ. ಕನ್ನಡ, ತುಳು, ಕೊಂಕಣಿ, ಮರಾಠಿ, ಉರ್ದು ಪಟ್ಟಿ; ಮಲಯಾಳ ಪಟ್ಟಿಕ. ಸಂಸ್ಕೃತ ಪಟ್ಟ, ಪಟ್ಟಿಕಾ. ಆಧಾರ: ಹಕಾರ ಆಗದೆ ಉಳಿದದ್ದು, ಅರ್ಥದ ಸರಪಳಿ.

ಪಟ್ಟಿ 3. ನಾಯಿ. ಮಲಯಾಳ. 1, 2ರ ಜೊತೆ ಸೇರಿಸಲು ಸಾಕ್ಷಿ ಇಲ್ಲ.

ಪಟ್ಟಿ 4. ಹಿಡಿದು. ತೆಲುಗು, ಧಾತು ಪಟ್ಟು.

ಹೊರಗೆ ಹಾಕಿದವು: ಪಱ್ಱಿ, ಪತ್ತೀ, ಪಾಟ್ಟಿ. ಯಾಕೆ ಹೊರಗೆ ಹಾಕಿದ್ದೆಂದು ಒಂದೊಂದು ಸಾಲು.

ಹೊರಗೆ ಹಾಕಿದವನ್ನು ಅಳಿಸಬೇಡಿ. ಆರು ತಿಂಗಳ ಬಳಿಕ ಅದೇ ಹೋಲಿಕೆ ಹೊಸದಾಗಿ ಹೊಳೆದಂತೆ ಅನಿಸಿ ಪುನಃ ಬರುತ್ತದೆ. ಆಗ ಆ ಸಾಲು ಎರಡು ಸಂಜೆ ಉಳಿಸುತ್ತದೆ. ಹಾಳೆಯ ಬಲ ಮೂಲೆಯಲ್ಲಿ ತಾರೀಕು ಹಾಕಿ. ಪೆನ್ಸಿಲಿನಲ್ಲಿ ಬರೆದರೆ ಒಳ್ಳೆಯದು, 3ನೆಯ ಸಾಲು ಇನ್ನೂ ಬದಲಾದೀತು.